ಸೆಟಿರಿಜಿನ್ ನಡೀತಿರುವಾಗ ನೆಗಡಿಯ ಕಾಂಬಿನೇಷನ್ ಮಾತ್ರೆ ತಗೋಬಹುದಾ?

ಪ್ರಶ್ನೆ
ಧೂಳಿನ ಅಲರ್ಜಿಗೆ ದಿನಾ ರಾತ್ರಿ ಸೆಟಿರಿಜಿನ್ 10 ಮಿ.ಗ್ರಾಂ ನಡೀತಿದೆ. ಈಗ ನೆಗಡಿ, ಜ್ವರ, ಮೈಕೈ ನೋವು. ಮನೆಯಲ್ಲಿರೋ ನೆಗಡಿ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ 500, ಫಿನೈಲೆಫ್ರಿನ್ 10, ಕ್ಲೋರ್‌ಫೆನಿರಮೈನ್ 2 ಮಿ.ಗ್ರಾಂ ಇದೆ. ಇದನ್ನ ನಾಲ್ಕು ಹೊತ್ತು ತಗೊಂಡು, ಜ್ವರ ಇಳೀದಿದ್ರೆ ನಡುವೆ ಪ್ಯಾರಾಸಿಟಮಾಲ್ 650 ಹಾಕ್ಕೋಬಹುದಾ? ಬಿಪಿ ಇರೋ ಅಪ್ಪನಿಗೂ ಇದೇ ಮಾತ್ರೆ ಆಗುತ್ತಾ?

ಉತ್ತರ 1
ಬೇಡ. ಮೊದಲು ಲೆಕ್ಕ ನೋಡಿ. ನೆಗಡಿ ಮಾತ್ರೆ ನಾಲ್ಕು ಅಂದ್ರೆ 2000, 650ರದ್ದು ನಾಲ್ಕು ಅಂದ್ರೆ 2600. ಒಟ್ಟು 4600 ಮಿ.ಗ್ರಾಂ ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗೆ ಗರಿಷ್ಠ ಮಿತಿಯೇ 4000. ಲಿವರ್ ತೊಂದರೆ ಇದ್ದವರಿಗೆ, ದಿನಾ ಕುಡಿಯುವವರಿಗೆ, 50 ಕೆ.ಜಿ.ಗಿಂತ ಕಮ್ಮಿ ತೂಕದವರಿಗೆ ಇನ್ನೂ ಕಮ್ಮಿ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರೋ ಔಷಧಿ ಒಂದೇ. ಎಡವೋದು ಇಲ್ಲೇ.

ಎರಡನೇದು, ಕ್ಲೋರ್‌ಫೆನಿರಮೈನ್ ಕೂಡ ಸೆಟಿರಿಜಿನ್ ಥರಾನೇ ಆಂಟಿಹಿಸ್ಟಮಿನ್, ಅಂದ್ರೆ ಅಲರ್ಜಿ ತಡೆಯೋ ಔಷಧಿ. ಸೆಟಿರಿಜಿನ್ ಒಂದು ಮಾತ್ರೆ ಸುಮಾರು 24 ಗಂಟೆ ಕೆಲಸ ಮಾಡುತ್ತೆ. ಅದರ ಮೇಲೆ ಇದು ಬಿದ್ರೆ ನೆಗಡಿಯೇನೂ ಬೇಗ ಹೋಗಲ್ಲ. ತೂಕಡಿಕೆ, ಬಾಯಿ ಒಣಗೋದು, ಕಫ ಗಟ್ಟಿಯಾಗೋದು, ಇಷ್ಟೇ ಲಾಭ! ಗಾಡಿ ಓಡಿಸೋರಿಗೆ ಅಪಾಯ ಬೇರೆ.

ಸೆಟಿರಿಜಿನ್ ಹಾಗೇ ಮುಂದುವರಿಸಿ. ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್, ಆರು ಗಂಟೆ ಅಂತರದಲ್ಲಿ, ಬೇಕಾದಾಗ ಮಾತ್ರ. ತಗೊಂಡ ಹೊತ್ತನ್ನ ಬರೆದಿಡಿ, ಜ್ವರದ ಮಂಪರಲ್ಲಿ ನೆನಪಿರಲ್ಲ.

ಉತ್ತರ 2
ಅಪ್ಪನ ವಿಷಯ: ಈ ಮಾತ್ರೆಯಲ್ಲಿರೋ ಫಿನೈಲೆಫ್ರಿನ್, ಬೇರೆ ಕೆಲವು ನೆಗಡಿ ಮಾತ್ರೆಗಳಲ್ಲಿರೋ ಸ್ಯೂಡೋಎಫೆಡ್ರಿನ್ ಎರಡೂ ರಕ್ತನಾಳ ಬಿಗಿ ಮಾಡಿ ಮೂಗು ಬಿಡಿಸೋಕೆ ಹಾಕೋ ಔಷಧಿಗಳು. ಬಿಪಿ ಏರಬಹುದು, ಎದೆ ಡವಗುಟ್ಟಬಹುದು. ಡಾಕ್ಟರನ್ನ ಕೇಳದೆ ಕೊಡಬೇಡಿ. ಪ್ರಾಸ್ಟೇಟ್ ದಪ್ಪ ಆಗಿದ್ರೆ ಕ್ಲೋರ್‌ಫೆನಿರಮೈನ್‌ನಿಂದ ಮೂತ್ರ ಕಟ್ಟಿಕೊಳ್ಳೋದೂ ಉಂಟು. ಕಿರಿದಾದ ಕೋನದ ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರೋ ಕಾಯಿಲೆ) ಇದ್ದವರಿಗೂ ಇದು ಒಗ್ಗಲ್ಲ.

ಹಾಗೆ ನೋಡಿದ್ರೆ ನುಂಗೋ ಫಿನೈಲೆಫ್ರಿನ್‌ನಿಂದ ಮೂಗು ಬಿಡೋದೇ ಅನುಮಾನ. ಬಹುಪಾಲು ಕರುಳು, ಲಿವರ್‌ನಲ್ಲೇ ಒಡೆದುಹೋಗುತ್ತೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ 2023ರಲ್ಲಿ ಇದು ಪರಿಣಾಮಕಾರಿಯಲ್ಲ ಅಂತ ಒಮ್ಮತದಿಂದ ಹೇಳಿದೆ.

ಪ್ರಶ್ನೆ ಕೇಳಿದವರು
ಹಾಗಾದ್ರೆ ಮೂಗು ಕಟ್ಟಿರೋದಕ್ಕೆ ಏನು ಮಾಡೋದು? ಒಣ ಕೆಮ್ಮಿಗೆ ಡೆಕ್ಸ್ಟ್ರೋಮೆಥಾರ್ಫಾನ್ ಸಿರಪ್ ಸೇರಿಸಬಹುದಾ?

ಉತ್ತರ 3
ಮೂಗಿಗೆ ಮೊದಲು ಸಲೈನ್ ಡ್ರಾಪ್ಸ್, ಎಷ್ಟು ಸಲ ಹಾಕಿದ್ರೂ ತೊಂದರೆ ಇಲ್ಲ. ಸಾಕಾಗದಿದ್ರೆ ಆಕ್ಸಿಮೆಟಜೋಲಿನ್ ಸ್ಪ್ರೇ, ಆದರೆ ಮೂರು ದಿನಕ್ಕೆ ನಿಲ್ಲಿಸಿ. ಮುಂದುವರಿಸಿದ್ರೆ ಔಷಧಿ ಇಳಿದ ಕೂಡಲೇ ಮೊದಲಿಗಿಂತ ಜೋರಾಗಿ ಕಟ್ಟುತ್ತೆ, ಬಿಡೋಕೇ ಆಗಲ್ಲ. ಅಪ್ಪನಿಗೆ ಈ ಸ್ಪ್ರೇಯನ್ನೂ ಕೇಳಿಯೇ ಹಾಕಿ.

ಸಿರಪ್ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿ. ಕೆಮ್ಮಿನ ಸಿರಪ್ ಎಷ್ಟೋ ಸಲ ಬರೀ ಡೆಕ್ಸ್ಟ್ರೋಮೆಥಾರ್ಫಾನ್ ಇರಲ್ಲ, ಕ್ಲೋರ್‌ಫೆನಿರಮೈನ್ ಅಲ್ಲೂ ಇರುತ್ತೆ. ಇನ್ನು ಖಿನ್ನತೆಗೆ ಎಸ್ಸಿಟಾಲೋಪ್ರಾಮ್, ಫ್ಲುಆಕ್ಸಟೀನ್ ಥರದ ಮಾತ್ರೆ ನಡೀತಿದ್ರೆ ಡಾಕ್ಟರನ್ನ ಕೇಳದೆ ಡೆಕ್ಸ್ಟ್ರೋಮೆಥಾರ್ಫಾನ್ ಬೇಡ. ಮೆದುಳಿನ ರಾಸಾಯನಿಕ ಸೆರೊಟೋನಿನ್ ಮಿತಿಮೀರಿ ನಡುಕ, ಬೆವರು, ಗಲಿಬಿಲಿ ಶುರುವಾಗಬಹುದು. ದೊಡ್ಡವರ ಮಾತ್ರೆ ಮುರಿದು ಮಕ್ಕಳಿಗೆ ಕೊಡೋದಂತೂ ಬೇಡವೇ ಬೇಡ.

ಉತ್ತರ 1
ಒಂದು ಬಿಟ್ಟುಹೋಯ್ತು. ಪ್ಯಾರಾಸಿಟಮಾಲ್ ಮಿತಿ ಮೀರಿದೆ ಅಂತ ಆಮೇಲೆ ಗೊತ್ತಾದ್ರೆ, ಆರಾಮಾಗೇ ಇದ್ದೀನಲ್ಲ ಅಂತ ಕೂರಬೇಡಿ. ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟು ಏನೂ ಕಾಣದೇ ಇರಬಹುದು. ಲಿವರ್ ಏಟು ತಿಂದಿರೋದು ಗೊತ್ತಾಗೋದೇ ಆಮೇಲೆ. ಇದಕ್ಕೆ ಕೊಡೋ ಅಸಿಟೈಲ್‌ಸಿಸ್ಟೀನ್, ಮಾತ್ರೆ ನುಂಗಿದ ಎಂಟು ಗಂಟೆಯೊಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತೆ. ಎಲ್ಲಾ ಸ್ಟ್ರಿಪ್‌ಗಳನ್ನೂ ತಗೊಂಡು ಸೀದಾ ಆಸ್ಪತ್ರೆಗೆ ಹೋಗಿ.