ಅಂಗಾಲಿನ ಗಾಯ ಮಾಯುತ್ತಿಲ್ಲ: ಚರ್ಮ ಕಸಿಯೋ, ಡ್ರೆಸ್ಸಿಂಗೋ?

ನವಲಗುಂದದಿಂದ:
ಅಪ್ಪನಿಗೆ ಸಕ್ಕರೆ ಕಾಯಿಲೆ ಹಳೆಯದು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ ಆಣಿ ಒಡೆದು ರೂಪಾಯಿ ನಾಣ್ಯದಷ್ಟು ಗಾಯವಾಗಿದೆ. ನೋವೇ ಇಲ್ಲ ಎಂದು ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬ ವೈದ್ಯರು ಚರ್ಮ ಕಸಿ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಡ್ರೆಸ್ಸಿಂಗ್ ಸಾಕು ಎನ್ನುತ್ತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಟಗೇರಿ ನೇಕಾರರ ಮನೆ:
ನಮ್ಮ ಮನೆಯವರದೂ ಅದೇ ಜಾಗ. ಕುಣಿಮಗ್ಗದ ಕೆಲಸ, ದಿನವಿಡೀ ಕಾಲಿನಿಂದ ತುಳಿಯಬೇಕು. ಮುಲಾಮು ಬದಲಾಯಿಸಿದ್ದೇ ಬದಲಾಯಿಸಿದ್ದು. ಬೆಳ್ಳಿ ಸೇರಿಸಿದ ಡ್ರೆಸ್ಸಿಂಗ್ ಹಾಳೆ ಒಂದಕ್ಕೆ 450 ರೂಪಾಯಿ. ಕತ್ತರಿಸಿ ನಾಲ್ಕು ಮಾಡಿ ಬಳಸುತ್ತೇನೆ ಎಂದಿದ್ದಕ್ಕೆ ಔಷಧ ಅಂಗಡಿಯವನು ನಕ್ಕ, ಆ ನಗು ಇನ್ನೂ ಮರೆತಿಲ್ಲ. ಕೊನೆಗೆ ಒಬ್ಬ ವೈದ್ಯರು ಮುಲಾಮುಗಳನ್ನೆಲ್ಲ ಪಕ್ಕಕ್ಕಿಟ್ಟು, ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಅಂಟಿ ಕೂರುವ ಪ್ಲಾಸ್ಟರ್ ಹಾಕಿದರು. ಭಾರ ಇಡೀ ಕಾಲಿಗೆ ಹಂಚಿಹೋಗುತ್ತದೆ, ಗಾಯದ ಮೇಲೆ ಒತ್ತಡ ಬೀಳುವುದಿಲ್ಲ. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಅಂಗಾಲಿಗೆ ಬಳಸಿದ ಪದ್ಧತಿಯಂತೆ. ಅವರಿಗೂ ಸ್ಪರ್ಶವಿಲ್ಲ, ನಮ್ಮವರಿಗೂ ಇಲ್ಲ. ನೋವಿದ್ದರೆ ಮನುಷ್ಯ ತಾನೇ ಕುಂಟುತ್ತಾನೆ, ಗಾಯಕ್ಕೆ ಬಿಡುವು ಸಿಗುತ್ತದೆ.

ಪ್ರತಿ ಸಲ ಬಿಚ್ಚಿ ಹೊಸದು ಹಾಕಲು 2,800 ರೂಪಾಯಿ. ಮಗ್ಗ ನಿಂತ ವಾರಗಳ ಕೂಲಿಯನ್ನು ಯಾರು ಕೊಡುತ್ತಾರೆ? ನೂಲಿನ ಸಾಹುಕಾರರ ಮುಂಗಡ ಬೇರೆ ತಲೆಯ ಮೇಲಿತ್ತು. ಆದರೆ ಬಿಚ್ಚಿದಾಗ ನಾನೇ ಬಗ್ಗಿ ನೋಡಿದ್ದೇನೆ: ತಳದಲ್ಲಿ ಕೆಂಪು ಕೆಂಪು ಹರಳಿನಂತಹ ಹೊಸ ಮಾಂಸ, ಅಂಚಿನಲ್ಲಿ ಸುತ್ತಲೂ ಬೂದು ಬಿಳುಪಿನ ತೆಳು ಪೊರೆ, ಒಳಕ್ಕೆ ಬರುತ್ತಿತ್ತು. ಮುಚ್ಚಿತು. ಮುಚ್ಚಿದ್ದೇ ತಡ ಇವರು ಮಗ್ಗಕ್ಕೆ ಇಳಿದರು, ಮತ್ತೆ ಒಡೆಯಿತು! ಮಾಯ್ದ ಚರ್ಮ ಎಷ್ಟೇ ಕಾಲವಾದರೂ ಮೊದಲಿನ ಬಲದ ಶೇ. 80ರಷ್ಟನ್ನು ದಾಟುವುದಿಲ್ಲ, ಅಷ್ಟು ಬಲ ಬರಲಿಕ್ಕೂ ತಿಂಗಳುಗಳು ಬೇಕು ಎಂದು ಆಗ ಹೇಳಿದರು. ತುಂಡಾದ ಹಾಸಿನ ಎಳೆಗೆ ಗಂಟು ಹಾಕಿದಂತೆ, ಬಟ್ಟೆಯಾಗುತ್ತದೆ, ಗಂಟು ಉಳಿಯುತ್ತದೆ. ಎರಡನೆಯ ಸಲದ ಖರ್ಚು ಬರೆಯಲು ಹೊರಟರೆ ರಾತ್ರಿಯಾಗುತ್ತದೆ.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ:
ಪ್ಲಾಸ್ಟರ್ ಎಲ್ಲರಿಗೂ ಆಗುವುದಿಲ್ಲ ಅಕ್ಕನವರೇ. ನನಗೆ ಮುಳ್ಳು ಚುಚ್ಚಿ ಕೀವು ಏರಿ, ಪಾದದ ಮೇಲ್ಭಾಗದ ಚರ್ಮವನ್ನೇ ತೆಗೆಯಬೇಕಾಯಿತು. ಸ್ನಾಯುರಜ್ಜು ಬರಿಗಣ್ಣಿಗೆ ಕಾಣುತ್ತಿತ್ತು. ಗಾಯಕ್ಕೆ ಸ್ಪಂಜು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನೀರು ಕೀವನ್ನು ಹೀರುವ ಯಂತ್ರ ಜೋಡಿಸಿದರು. ಸ್ಪಂಜು ಬದಲಾಯಿಸಿದಾಗಲೆಲ್ಲ 6,500 ರೂಪಾಯಿ. ಬಿಲ್ಲಿನಲ್ಲಿ ‘ಇತರೆ’ ಎಂದು 11,000. ಇತರೆ ಎಂದರೆ ಏನು ಎಂದು ಕೇಳಿದರೆ ಕೌಂಟರಿನವರು ಒಳಗೆ ಕೇಳಿ ಎಂದರು, ಒಳಗಿನವರು ಕೌಂಟರಿನಲ್ಲಿ ಕೇಳಿ ಎಂದರು. ಆಮೇಲೆ ತೊಡೆಯ ಚರ್ಮ ತೆಗೆದು ಕಸಿ. ಪಾದ ಸುಮ್ಮನಿತ್ತು, ತೊಡೆ ಮಾತ್ರ ಬೆಂಕಿ ಇಟ್ಟಂತೆ ಉರಿಯಿತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದು ಅಂಚು ಕಪ್ಪಾಗಿ ಉದುರಿದ್ದಕ್ಕೆ ನನ್ನ ತಂಬಾಕಿನ ಮೇಲೆ ಹಾಕಿದರು. ತಮ್ಮ ಕೈಕೆಲಸ ಸರಿಯಿಲ್ಲದಿದ್ದಾಗ ರೋಗಿಯ ಚಟ ನೆನಪಾಗುತ್ತದೆ.

ಸಪ್ತಾಪುರ, ನಿವೃತ್ತ ಶುಶ್ರೂಷಕಿ:
ಸಾಹುಕಾರರೇ, ಅವರು ಸರಿಯಾಗಿಯೇ ಹೇಳಿದ್ದಾರೆ. ಕಸಿ ಮಾಡಿದ ಚರ್ಮ ಮೊದಲ ಒಂದೆರಡು ದಿನ ಕೆಳಗಿನಿಂದ ಒಸರುವ ದ್ರವದ ಮೇಲೆಯೇ ಬದುಕುತ್ತದೆ, ಆಮೇಲೆ ಸಣ್ಣ ರಕ್ತನಾಳಗಳು ಬಂದು ಕೂಡಿಕೊಳ್ಳಬೇಕು. ನಿಕೋಟಿನ್ ಆ ನಾಳಗಳನ್ನೇ ಹಿಂಡುತ್ತದೆ. ಜೇಬಿನಲ್ಲಿ ತಂಬಾಕಿನ ಚೀಟಿ ಇಟ್ಟುಕೊಂಡು ಶಸ್ತ್ರವೈದ್ಯರನ್ನು ಬೈಯಬೇಡಿ.

ನವಲಗುಂದದವರೇ, ಪಾದಕ್ಕೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ, ಮೂಳೆಗೆ ಸೋಂಕು ತಗುಲಿದೆಯೇ ಎಂದು ಯಾರಾದರೂ ನೋಡಿದ್ದಾರೆಯೇ? ಇವೆರಡೂ ತಿಳಿಯದೆ ಪ್ಲಾಸ್ಟರೂ ಬೇಡ, ಕಸಿಯೂ ಬೇಡ. ಮನೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇದ್ದರೆ ಚರಂಡಿಗೆ ಸುರಿಯಿರಿ. ಬಿಳಿ ನೊರೆ ಉಕ್ಕುವುದನ್ನು ನೋಡಿ ಜನ ಖುಷಿಪಡುತ್ತಾರೆ, ಸಾಯುತ್ತಿರುವುದು ಹೊಸ ಜೀವಕೋಶ. ಗಾಯ ಒಣಗಿ ಹಕ್ಕಳೆ ಕಟ್ಟಲಿ ಎಂದು ಗಾಳಿಗೆ ಬಿಡುವುದೂ ಅಷ್ಟೇ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲೆ ತೋರಿಸಿದ್ದಾರೆ, ತೇವವಾಗಿ ಮುಚ್ಚಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆ. ನನ್ನ ಇಡೀ ನೌಕರಿ ಈ ಒಂದು ಮಾತು ಹೇಳುವುದರಲ್ಲೇ ಮುಗಿಯಿತು, ಕೇಳಿದವರು ಕಡಿಮೆ.

ಲಕ್ಷ್ಮೇಶ್ವರ:
ಹಂದಿಗಳ ಲೆಕ್ಕ ನಮಗೇಕೆ? ಸುಶ್ರುತರು ವ್ರಣಕ್ಕೆ 60 ಉಪಕ್ರಮಗಳನ್ನು ಹೇಳಿದ್ದಾರೆ. ನಮ್ಮ ತಾಯಿಯ ಮೇಲೆ ಕುದಿಯುವ ಸಾರು ಬಿದ್ದಿತ್ತು, ಇಡೀ ಮುಂಗೈ ಬೊಬ್ಬೆ. ಜೇನುತುಪ್ಪ, ಹಳೆಯ ತುಪ್ಪ, ಕಟ್ಟುನಿಟ್ಟಿನ ಪಥ್ಯ. ಬದನೆಕಾಯಿ, ಮೊಟ್ಟೆ, ಮೊಸರು, ನಂಜಿನ ಪದಾರ್ಥ ಒಂದೂ ಇಲ್ಲ. ಕಲೆಯೂ ಉಳಿಯಲಿಲ್ಲ. ಖರ್ಚು 300 ರೂಪಾಯಿ, ಅದೂ ಜೇನು ಅಸಲಿ ಬೇಕೆಂದು ಕಪ್ಪತಗುಡ್ಡದ ಕಡೆಯಿಂದ ತರಿಸಿದ್ದಕ್ಕೆ.

ಸಪ್ತಾಪುರ, ನಿವೃತ್ತ ಶುಶ್ರೂಷಕಿ:
ಬೊಬ್ಬೆ ಎದ್ದಿತ್ತೆಂದರೆ ಚರ್ಮ ಪೂರ್ತಿ ಸುಟ್ಟಿರಲಿಲ್ಲ. ಕೂದಲಿನ ಬುಡ, ಬೆವರಿನ ಗ್ರಂಥಿ ಒಳಗೆ ಉಳಿದಿರುತ್ತವೆ, ಅಲ್ಲಿಂದಲೇ ಚರ್ಮ ಚಿಗುರುತ್ತದೆ. ನಿಮ್ಮ ಜೇನು ಕೆಡುಕು ಮಾಡಲಿಲ್ಲ, ಒಪ್ಪುತ್ತೇನೆ. ಆದರೆ ಒಡೆದ ಆಣಿಯ ತಳದಲ್ಲಿ ಚಿಗುರಲು ಏನೂ ಇಲ್ಲ, ಅಂಚಿನಿಂದಲೇ ಬರಬೇಕು. ಇನ್ನು ಪಥ್ಯ! ಹೊಸ ಅಂಗಾಂಶ ಹೆಣೆಯಲು ಕೊಲಾಜೆನ್ ಬೇಕು, ಅದಕ್ಕೆ ಪ್ರೋಟೀನೂ ಸಿ ಜೀವಸತ್ವವೂ ಬೇಕು. ಮೊಟ್ಟೆ ಮೊಸರು ಬಿಡಿಸಿ ಬರೀ ಗಂಜಿ ಕುಡಿಸಿ ಕರೆತಂದ ಎಷ್ಟೋ ರೋಗಿಗಳಿಗೆ ನಾನೇ ಪಟ್ಟಿ ಕಟ್ಟಿದ್ದೇನೆ. ನಂಜು ಬದನೆಕಾಯಿಯಲ್ಲಿಲ್ಲ, ತೊಳೆಯದ ಕೈಯಲ್ಲಿದೆ.

ಲಕ್ಷ್ಮೇಶ್ವರ:
ಬದನೆಕಾಯಿ ತಿಂದರೆ ನವೆ ಬರುವುದು ನನ್ನ ಮೈಗೆ ಗೊತ್ತು. ಪುಸ್ತಕ ಓದಿದವರಿಗೆ ಹಿರಿಯರೆಲ್ಲ ದಡ್ಡರು.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ:
ಎಣ್ಣೆಗಾಯಿ ಇಲ್ಲದೆ ರೊಟ್ಟಿ ಉಣ್ಣಿ ಎನ್ನುವವರ ಮಾತನ್ನು ನಮ್ಮ ಸೀಮೆಯಲ್ಲಿ ಯಾರು ಕೇಳುತ್ತಾರೆ? ಅದಿರಲಿ, ಬೆಟಗೇರಿ ಅಕ್ಕನವರೇ, ಈಗ ನಿಮ್ಮವರು ಯಾವ ಚಪ್ಪಲಿ ಹಾಕುತ್ತಾರೆ? ನನ್ನಿಂದ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿಗೆ 2,200 ತೆಗೆದುಕೊಂಡರು.

ಬೆಟಗೇರಿ ನೇಕಾರರ ಮನೆ:
ನಮಗೆ 950ಕ್ಕೆ ಸಿಕ್ಕಿದೆ, ಪಾದದ ಅಳತೆ ತೆಗೆದು ಹೊಲಿದುಕೊಟ್ಟದ್ದು. ನಿಮಗೆ ಟೋಪಿ ಹಾಕಿದ್ದಾರೆ.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ:
950ಕ್ಕೆ ಬರುವುದು ಎಂಸಿಆರ್ ಅಲ್ಲ, ಸ್ನಾನದ ಮನೆಯ ರಬ್ಬರು. ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿ ನೋಡಿ, ಗುಳಿ ಬಿದ್ದು ಮತ್ತೆ ಮೇಲೆದ್ದರೆ ಅಸಲಿ.

ನವಲಗುಂದದಿಂದ:
ರಕ್ತ ಇಳಿಯುವುದರ ಪರೀಕ್ಷೆ ಆಗಿಲ್ಲ. ಎಕ್ಸ್‌ರೇ ತೆಗೆದಿದ್ದಾರೆ, ಅದರ ಬಗ್ಗೆ ಏನೂ ಹೇಳಲಿಲ್ಲ. ಅದೆಲ್ಲ ಎಲ್ಲಿ ಕೇಳಬೇಕು?

ಬೆಟಗೇರಿ ನೇಕಾರರ ಮನೆ:
ಸಾಹುಕಾರರೇ, ಒತ್ತಿ ನೋಡಿದೆ, ಮೇಲೆದ್ದಿದೆ. ನಿಮ್ಮ 2,200ರ ಬಿಲ್ಲನ್ನು ಇಲ್ಲಿ ಹಾಕಿ, ಅದರಲ್ಲೂ ‘ಇತರೆ’ ಇರಬೇಕು.