ಮಂಗಳೂರಿನಲ್ಲಿದ್ದ ಯೆಹೂದಿ ವರ್ತಕ ಬೆನ್ ಯಿಜುವಿನ ಕಾಗದಪತ್ರಗಳು: ಅಂತರ್ಜಾಲದಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ | ಪಡುಗಡಲ ಓದುಗ

ಎಲ್ಲರಿಗೂ ನಮಸ್ಕಾರ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿಗೂ ಏಡನ್ ಬಂದರಿಗೂ ನಡುವೆ ನಡೆಯುತ್ತಿದ್ದ ವ್ಯಾಪಾರದ ಕುರಿತು ಸಂಶೋಧನಾ ಪ್ರಬಂಧವೊಂದನ್ನು ಬರೆಯಲು ಹೊರಟಿದ್ದೇನೆ. ಟುನೀಸಿಯದ ಮಹ್ದಿಯ ಪಟ್ಟಣದ ಮೂಲದವನಾದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಸುಮಾರು 1132ರಿಂದ 1149ರವರೆಗೆ ಬಹುಮಟ್ಟಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲೇ ನೆಲೆಸಿದ್ದ. ಅವನಿಗೆ ಬಂದ ಪತ್ರಗಳು, ಅವನೇ ಬರೆದಿಟ್ಟ ಲೆಕ್ಕಗಳು ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದುಬಂದಿವೆ ಎಂಬುದಷ್ಟೇ ನನಗೆ ಗೊತ್ತು.

ಗೂಗಲ್‌ನಲ್ಲಿ ಅವನ ಹೆಸರು ಹಾಕಿದರೆ ಒಂದನ್ನೊಂದು ನೋಡಿ ಬರೆದ ಲೇಖನಗಳೇ ಮತ್ತೆ ಮತ್ತೆ ಸಿಗುತ್ತವೆ. 1901ರಿಂದ 1906ರವರೆಗೆ ಹೊರಬಂದ ಜ್ಯೂಯಿಶ್ ಎನ್‌ಸೈಕ್ಲೋಪೀಡಿಯಾದ ಸಂಪುಟಗಳು ಉಚಿತವಾಗಿ ಸಿಗುತ್ತವೆಯಾದರೂ ಅವುಗಳಲ್ಲಿ ನನಗೆ ಬೇಕಾದದ್ದು ದೊರೆಯಲಿಲ್ಲ. ಕೇಂಬ್ರಿಡ್ಜ್‌ಗೆ ಹೋಗುವಷ್ಟು ಹಣವಾಗಲಿ, ಹೀಬ್ರೂ ಪಾಂಡಿತ್ಯವಾಗಲಿ ನನ್ನಲ್ಲಿಲ್ಲ. ಮನೆಯಲ್ಲೇ ಕುಳಿತು ಮೂಲದಾಖಲೆಗಳವರೆಗೆ ತಲುಪುವ ದಾರಿಯನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 | ಹಳೆಯ ಕಾಗದ

ನಮಸ್ಕಾರ. ಆ ವಿಶ್ವಕೋಶದಲ್ಲಿ ನಿಮಗೆ ಏನೂ ಸಿಗದಿದ್ದುದು ಸಹಜವೇ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನಿಂದ (ಯೆಹೂದಿ ಪ್ರಾರ್ಥನಾಲಯ) ಸೊಲೊಮನ್ ಶೆಖ್ಟರ್ ಅವರು ಕಾಗದದ ರಾಶಿಯನ್ನು ಕೇಂಬ್ರಿಡ್ಜ್‌ಗೆ ತಂದದ್ದು 1897ರಲ್ಲಿ. ವಿಶ್ವಕೋಶ ಸಿದ್ಧವಾಗುತ್ತಿದ್ದಾಗ ಆ ರಾಶಿಯ ಬಹುಪಾಲು ಇನ್ನೂ ಪೆಟ್ಟಿಗೆಗಳಲ್ಲೇ ಇತ್ತು. ದೇವರ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬ ನಂಬಿಕೆಯಿಂದ ಹಳೆಯ ಕಾಗದಗಳನ್ನು ಕೂಡಿಡುವ ಜಾಗಕ್ಕೆ ಗೆನಿಜಾ ಎನ್ನುತ್ತಾರೆ. ನಮ್ಮಲ್ಲಿ ಸವೆದ ತಾಳೆಗರಿಗಳನ್ನು ಎಸೆಯಲು ಮನಸ್ಸು ಬಾರದೆ ಹೊಳೆಗೆ ಬಿಡುತ್ತಿದ್ದರಲ್ಲ, ಅದೇ ಭಾವನೆ ಅಲ್ಲಿಯೂ ಇತ್ತು. ಆದರೆ ಅವರು ನೀರಿಗೆ ಬಿಡದೆ ಒಣ ಹವೆಯ ಕೋಣೆಯಲ್ಲಿಟ್ಟದ್ದರಿಂದ ವ್ಯಾಪಾರಿಗಳ ಚೀಟಿಗಳೂ ಉಳಿದುಕೊಂಡವು.

ಈಗ ಹುಡುಕುವ ವಿಚಾರಕ್ಕೆ ಬರುತ್ತೇನೆ. ಮೊದಲು ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್ ಎಂಬ ಜಾಲತಾಣವನ್ನು ತೆರೆಯಿರಿ, ಅದು ಉಚಿತ. ಸಾಹಿತ್ಯಕ, ಧಾರ್ಮಿಕ ಕೃತಿಗಳಿಗಿಂತ ಪತ್ರ, ಲೆಕ್ಕ, ಕರಾರುಗಳಂಥ ದಿನಬಳಕೆಯ ದಾಖಲೆಗಳಿಗೆ ಅಲ್ಲಿ ಒತ್ತು ಇರುವುದರಿಂದ ನಿಮ್ಮ ವಿಷಯಕ್ಕೆ ಅದೇ ಸರಿಯಾದ ಬಾಗಿಲು. ಪ್ರತಿಯೊಂದು ದಾಖಲೆಗೂ ಇಂಗ್ಲಿಷಿನಲ್ಲಿ ಪುಟ್ಟ ವಿವರಣೆ ಇರುತ್ತದೆ. ಹಲವಕ್ಕೆ ಲಿಪ್ಯಂತರ (ಕೈಬರಹವನ್ನು ಅಚ್ಚಿನ ಅಕ್ಷರದಲ್ಲಿ ಇಳಿಸಿದ ಪಾಠ), ಕೆಲವಕ್ಕೆ ಅನುವಾದವೂ ಸಿಗುತ್ತದೆ. ಹೆಸರನ್ನು ಬೆನ್ ಯಿಜು ಎಂದಷ್ಟೇ ಅಲ್ಲದೆ ಇಬ್ನ್ ಯಿಜು ಎಂದೂ, ಊರಿನ ಹೆಸರನ್ನು ಮಂಗಳೂರು ಎನ್ನುವುದರ ಜೊತೆಗೆ ಮಂಜರೂರ್ ಎಂದೂ ಹಾಕಿ ಹುಡುಕಬೇಕು. ಅರಬ್ಬಿಯಲ್ಲಿ ‘ಗ’ ಅಕ್ಷರವಿಲ್ಲದ ಕಾರಣ ನಮ್ಮ ಊರಿನ ಹೆಸರು ಅವರ ಬಾಯಲ್ಲಿ ಹಾಗಾಯಿತು.

ಯಾವುದೇ ದಾಖಲೆ ಸಿಕ್ಕ ಕೂಡಲೇ ಅದರ ಕಪಾಟು ಸಂಖ್ಯೆಯನ್ನು (ಗ್ರಂಥಾಲಯ ಆ ತುಣುಕಿಗೆ ಕೊಟ್ಟಿರುವ ಗುರುತು) ಚುಕ್ಕೆ, ಅಡ್ಡಗೆರೆ ಸಹಿತವಾಗಿ ಬರೆದುಕೊಳ್ಳಿ. ಕೇಂಬ್ರಿಡ್ಜ್‌ನ ಟೇಲರ್-ಶೆಖ್ಟರ್ ಸಂಗ್ರಹವೊಂದರಲ್ಲೇ ಸುಮಾರು 1,93,000 ತುಣುಕುಗಳಿವೆ. ವ್ಯಕ್ತಿಗಳ ಹೆಸರುಗಳ ಕಾಗುಣಿತ ವಿದ್ವಾಂಸರಿಂದ ವಿದ್ವಾಂಸರಿಗೆ ಬದಲಾಗುತ್ತದೆ, ಕಪಾಟು ಸಂಖ್ಯೆ ಮಾತ್ರ ಎಲ್ಲ ಕಡೆಯೂ ಕೈಹಿಡಿಯುತ್ತದೆ. ಹಳೆಯ ಲೇಖನವೊಂದರ ಅಡಿಟಿಪ್ಪಣಿಯಿಂದ ಸಂಖ್ಯೆಯನ್ನು ಎತ್ತಿಕೊಂಡು, ಚುಕ್ಕೆಯಿರಬೇಕಾದಲ್ಲಿ ಅಲ್ಪವಿರಾಮ ಹಾಕಿ ಹುಡುಕಿ, ಅಂಥ ದಾಖಲೆಯೇ ಇಲ್ಲವೆಂದು ನಂಬಿ ನಾನು ಎರಡು ವಾರ ಕಳೆದುಕೊಂಡಿದ್ದೇನೆ. ಸಂಖ್ಯೆ ‘ಟಿ-ಎಸ್’ ಎಂದು ಆರಂಭವಾದರೆ ಕೇಂಬ್ರಿಡ್ಜ್ ಡಿಜಿಟಲ್ ಲೈಬ್ರರಿಯಲ್ಲಿ ಚಿತ್ರವನ್ನು ನೋಡಬಹುದು. ಅಲ್ಲಿ ಚಿತ್ರವನ್ನು ಎಷ್ಟು ಹಿಗ್ಗಿಸಬಹುದೆಂದರೆ ಶಾಯಿ ಹರಡಿದ ಜಾಗವೂ ಕಾಗದ ಮಡಿಚಿದ ಗೆರೆಯೂ ಕಣ್ಣಿಗೆ ಬೀಳುತ್ತವೆ.

ಚಿತ್ರದ ಎರಡೂ ಬದಿಗಳನ್ನು ತಪ್ಪದೆ ನೋಡಿ. ಮಂಗಳೂರಿನಲ್ಲಿ ಬೆನ್ ಯಿಜುವಿಗೆ ಬೇಕಾದ ಕಾಗದ ಸಿಗುವುದು ಕಷ್ಟವಾಗಿತ್ತು. ಏಡನ್ನಿನ ಗೆಳೆಯ ಮದ್ಮೂನ್ ಇತರ ಉಡುಗೊರೆಗಳ ಜೊತೆಗೆ ಕಾಗದವನ್ನೂ ಕಳುಹಿಸುತ್ತಿದ್ದ. ಹಾಗಾಗಿ ಅವನು ತನಗೆ ಬಂದ ಪತ್ರಗಳ ಹಿಂಬದಿಯಲ್ಲೂ ಖಾಲಿ ಜಾಗದಲ್ಲೂ ತನ್ನ ಲೆಕ್ಕಗಳನ್ನು ಬರೆದುಕೊಂಡ. ಮುಂಬದಿಯ ಪತ್ರವನ್ನಷ್ಟೇ ಓದಿ ಬಿಟ್ಟರೆ ಮಂಗಳೂರಿನಲ್ಲಿ ಕುಳಿತು ಅವನೇ ಬರೆದದ್ದು ಕೈತಪ್ಪುತ್ತದೆ.

ಅನುವಾದಗಳಿಗೆ ಎಸ್. ಡಿ. ಗೊಯ್ಟೈನ್ ಹಾಗೂ ಮೊರ್ಡಖಾಯ್ ಫ್ರೀಡ್‌ಮನ್ ಅವರ 2008ರ ಇಂಡಿಯಾ ಟ್ರೇಡರ್ಸ್ ಆಫ್ ದ ಮಿಡಲ್ ಏಜಸ್ ಗ್ರಂಥವನ್ನು ಗ್ರಂಥಾಲಯದ ಮೂಲಕವಾದರೂ ತರಿಸಿಕೊಳ್ಳಲೇಬೇಕು. ಅದಿಲ್ಲದೆ ಜಾಲತಾಣಗಳನ್ನಷ್ಟೇ ನಂಬಿ ಪ್ರಬಂಧ ಬರೆಯುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಲೇಖನಗಳನ್ನು ಹುಡುಕಲು ಇಸ್ರೇಲ್ ರಾಷ್ಟ್ರೀಯ ಗ್ರಂಥಾಲಯದ ರಾಂಬಿ ಎಂಬ ಸೂಚಿಯಿದೆ. ಬೈಬಲ್, ತಾಲ್ಮುದ್ (ಯೆಹೂದಿ ಧರ್ಮಶಾಸ್ತ್ರ ಗ್ರಂಥ) ಉಲ್ಲೇಖಗಳು ಎದುರಾದರೆ ಸೆಫಾರಿಯಾ ಎಂಬ ಜಾಲತಾಣದಲ್ಲಿ ಮೂಲ ಹೀಬ್ರೂವನ್ನೂ ಇಂಗ್ಲಿಷ್ ಅನುವಾದವನ್ನೂ ಜೊತೆಜೊತೆಯಾಗಿ ಓದಬಹುದು.

ಉತ್ತರ 2 | ತಿಥಿ-ವಾರ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಈ ದಾಖಲೆಗಳಲ್ಲಿ ಕ್ರಿಸ್ತಶಕ ಇರುವುದಿಲ್ಲ. ಬಹಳ ಕಡೆ ‘ದಸ್ತಾವೇಜುಗಳ ಶಕೆ’ ಎಂದು ಕರೆಯುವ ಸೆಲ್ಯೂಸಿಡ್ ಶಕೆ (ಕ್ರಿ.ಪೂ. 312ರಿಂದ ಎಣಿಸುವ ಕಾಲಗಣನೆ) ಇರುತ್ತದೆ. ಅದರ ವರ್ಷ ಶರತ್ಕಾಲದಲ್ಲಿ ಆರಂಭವಾಗುವುದರಿಂದ, ಅಂದಿನಿಂದ ಡಿಸೆಂಬರ್ ಕೊನೆಯವರೆಗಿನ ದಿನಾಂಕಗಳಿಗೆ 312ನ್ನೂ ಉಳಿದವಕ್ಕೆ 311ನ್ನೂ ಕಳೆಯಬೇಕು. ಬೆನ್ ಯಿಜು ಅಶು ಎಂಬ ದಾಸಿಗೆ ಮಂಗಳೂರಿನಲ್ಲಿ ಬಿಡುಗಡೆ ಪತ್ರ ಬರೆದುಕೊಟ್ಟದ್ದು 1132ರ ಅಕ್ಟೋಬರ್ 17ರಂದು. ಅದು ಆ ಶಕೆಯ 1444ನೆಯ ವರ್ಷ. ಎಲ್ಲಕ್ಕೂ 311 ಕಳೆದರೆ ಅದು 1133 ಆಗಿಬಿಡುತ್ತದೆ. ನಮ್ಮ ಶಾಸನಗಳ ಶಕವರ್ಷಕ್ಕೆ 78 ಅಥವಾ 79 ಕೂಡಿಸುವಾಗ ವಹಿಸುವ ಎಚ್ಚರವನ್ನೇ ಇಲ್ಲಿಯೂ ವಹಿಸಿ.

ಪಡುಗಡಲ ಓದುಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆ ಬಿಡುಗಡೆ ಪತ್ರವನ್ನು ಕೇಂಬ್ರಿಡ್ಜ್ ತಾಣದಲ್ಲಿ ಹುಡುಕಿ ಸೋತೆ. ಆಮೇಲೆ ನೋಡಿದರೆ ಅದು ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗ್ರಹದಲ್ಲಿದೆ. ಒಬ್ಬನೇ ಮನುಷ್ಯನ ಕಾಗದಗಳು ಇಷ್ಟು ದೂರದೂರ ಚದುರಿರುತ್ತವೆ ಎಂದು ನಾನು ಎಣಿಸಿರಲಿಲ್ಲ. ಇನ್ನೊಂದು ಸಂದೇಹ: ಅವನ ಆಳಿನ ಹೆಸರನ್ನು ಒಂದು ಕಡೆ ಬಾಮಾ ಎಂದೂ ಇನ್ನೊಂದು ಕಡೆ ಬೊಮ್ಮ ಎಂದೂ ಬರೆದಿದ್ದಾರೆ. ಯಾವುದನ್ನು ಹಿಡಿಯಲಿ?

ಉತ್ತರ 3 | ಶಾಸನಪ್ರಿಯೆ

ಮೂಲದಲ್ಲಿ ಇರುವುದು ಮೂರೇ ಅಕ್ಷರ: ಬೇತ್, ಮೇಮ್, ಹೇ (ನಮ್ಮ ಬ, ಮ, ಹ). ಈ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಹ್ರಸ್ವ ಸ್ವರಗಳನ್ನೂ ಒತ್ತಕ್ಷರಗಳನ್ನೂ ಸಾಮಾನ್ಯವಾಗಿ ಬರೆಯುವುದಿಲ್ಲ. ಆದ್ದರಿಂದ ಬಾಮಾ ಎಂಬುದೂ ಬೊಮ್ಮ ಎಂಬುದೂ ಓದುಗರು ತುಂಬಿದ ಸ್ವರಗಳೇ. ಬ್ರಹ್ಮ ಶಬ್ದದ ತದ್ಭವವಾದ ಬೊಮ್ಮ ನಮ್ಮ ಶಾಸನಗಳಲ್ಲಿ ಬೊಮ್ಮಯ್ಯ, ಬೊಮ್ಮರಸ ಎಂದೆಲ್ಲ ಹೆಜ್ಜೆಹೆಜ್ಜೆಗೂ ಸಿಗುವ ಹೆಸರು. ನಾನಂತೂ ಬೊಮ್ಮ ಎಂದೇ ಓದುತ್ತೇನೆ. ಆದರೆ ಪ್ರಬಂಧದಲ್ಲಿ ಮೂರು ಅಕ್ಷರಗಳನ್ನು ಇದ್ದಂತೆಯೇ ಕೊಟ್ಟು, ಎರಡೂ ಓದುಗಳನ್ನು ಹೇಳಿ, ಬಳಿಕ ನಿಮ್ಮ ಆಯ್ಕೆಗೆ ಕಾರಣ ಬರೆಯಿರಿ.

ಹೀಬ್ರೂ ಅಕ್ಷರಗಳು ಇಪ್ಪತ್ತೆರಡೇ. ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನ ಕುಳಿತರೆ ಅಚ್ಚಿನ ಅಕ್ಷರ ಕೈಗೆ ಬರುತ್ತದೆ. ಅನಂತರ ಪ್ರಿನ್ಸ್‌ಟನ್ ತಾಣದಲ್ಲಿ ಲಿಪ್ಯಂತರವಿರುವ ಒಂದು ಪತ್ರವನ್ನು ಆರಿಸಿಕೊಂಡು, ಪಕ್ಕದಲ್ಲಿ ಚಿತ್ರವನ್ನಿಟ್ಟು, ಸಾಲು ಸಾಲಾಗಿ ಬೆರಳಿಟ್ಟು ಹೋಲಿಸಿ ನೋಡಿ. ನಾನು ಮೊದಲ ಬಾರಿಗೆ ಯಾರ ಸಹಾಯವೂ ಇಲ್ಲದೆ ಗುರುತಿಸಿದ ಪದ ಮಂಜರೂರ್. ಮೇಮ್, ನೂನ್, ಗಿಮೆಲ್, ರೇಶ್ ಹೀಗೆ ಒಂದೊಂದೇ ಅಕ್ಷರ ಕೂಡುತ್ತಾ ನಮ್ಮ ಊರಾದಾಗ ಕಣ್ಣು ತುಂಬಿ ಬಂದಿತ್ತು.

ಅಡಿಕೆ, ಮೆಣಸು, ಕಬ್ಬಿಣ, ಹಿತ್ತಾಳೆ-ಕಂಚಿನ ಪಾತ್ರೆಗಳ ಮಾತು ಈ ಪತ್ರಗಳಲ್ಲಿ ತುಂಬಿಕೊಂಡಿದೆ. ಅದೇ ಕಾಲದಲ್ಲಿ ತುಳುನಾಡನ್ನು ಆಳುತ್ತಿದ್ದ ಆಳುಪರ ಶಾಸನಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಜನರ, ಊರುಗಳ ಹೆಸರುಗಳ ವಿಷಯದಲ್ಲಿ ಕನ್ನಡ, ತುಳು ಬಲ್ಲ ನೀವು ಹೇಳಬಹುದಾದದ್ದು ಬಹಳವಿದೆ. ಉಲ್ಲೇಖ ಕೊಡುವಾಗ ಜಾಲತಾಣದ ಕೊಂಡಿಯೊಂದನ್ನೇ ಕೊಡದೆ, ಗ್ರಂಥಾಲಯದ ಹೆಸರು, ಕಪಾಟು ಸಂಖ್ಯೆ, ಯಾವ ಬದಿ, ಎಷ್ಟನೆಯ ಸಾಲು ಎಂಬುದನ್ನು ಬರೆಯಿರಿ. ಚಿತ್ರವನ್ನು ಅಚ್ಚು ಹಾಕಿಸುವುದಾದರೆ ಆಯಾ ಗ್ರಂಥಾಲಯದ ನಿಬಂಧನೆಗಳನ್ನು ಮೊದಲೇ ಓದಿ, ಅಗತ್ಯವಿದ್ದಲ್ಲಿ ಅನುಮತಿ ಪಡೆಯಿರಿ.