ದಾರಿಯಲ್ಲಿ 2 ಇಲಿ ಸತ್ತವು, ನಾಳೆಯೇ ಡೋಸಿಂಗ್ (ಔಷಧಿ ಕೊಡುವುದು) ಶುರು ಮಾಡಬಹುದಾ?

ಎಂ.ಫಾರ್ಮ ಹುಡುಗಿ, ಮೈಸೂರು:
ಪ್ರಾಜೆಕ್ಟ್‌ಗೆ ಬೆಂಗಳೂರಿನಿಂದ 24 ವಿಸ್ಟಾರ್ ಇಲಿ (ಲ್ಯಾಬ್‌ನಲ್ಲಿ ಬಳಸುವ ಬಿಳಿ ಇಲಿ) ತರಿಸಿದೆವು. ಬೆಳಿಗ್ಗೆ ಆರಕ್ಕೆ ಹೊರಡಬೇಕಿದ್ದ ಗಾಡಿ ಹೊರಟಿದ್ದು ಹನ್ನೊಂದಕ್ಕೆ. ಏಪ್ರಿಲ್ ಬಿಸಿಲು ಬೇರೆ. ಡ್ರೈವರ್ ಎಕ್ಸ್‌ಪ್ರೆಸ್‌ವೇ ಬಿಟ್ಟು ವಡೆ ತಿನ್ನಲು ಮದ್ದೂರಿನೊಳಗೆ ಹೋಗಿದ್ದರಂತೆ. ಗಾಡಿ ಬಿಸಿಲಲ್ಲಿ, ಏಸಿ ಆಫ್. ಪೆಟ್ಟಿಗೆ ತೆರೆದರೆ ಎರಡು ಸತ್ತಿದ್ದವು. ಉಳಿದವುಗಳ ಕತ್ತು, ಹೊಟ್ಟೆ ಎಲ್ಲ ಒದ್ದೆ. ಮನೆಯಲ್ಲಿ ಇಲಿ ಕಂಡರೆ ಮಂಚ ಹತ್ತುವವಳು ನಾನು, ಅವತ್ತು ರಾತ್ರಿ ಊಟ ಸೇರಲಿಲ್ಲ. ಗೈಡ್ ನಾಳೆಯೇ ಡೋಸಿಂಗ್ ಶುರು ಮಾಡು ಎನ್ನುತ್ತಿದ್ದಾರೆ. ಸತ್ತದ್ದನ್ನು ಬರೆಯಲೇಬೇಕಾ?

ಅನಿಮಲ್ ಹೌಸ್ ಅಟೆಂಡರ್, ಮಂಡ್ಯ:
ನಾಳೆ ಬೇಡ ಕಣಮ್ಮ. ಇಲಿ ನಮ್ಮ ಹಾಗೆ ಬೆವರುವುದಿಲ್ಲ. ಬಾಲದಿಂದ ಬಿಸಿ ಬಿಡುತ್ತದೆ, ಅದೂ ಸಾಲದಿದ್ದರೆ ಜೊಲ್ಲನ್ನು ಮೈಗೆ ಬಳಿದುಕೊಳ್ಳುತ್ತದೆ. ನೀವು ನೋಡಿದ ಒದ್ದೆ ಅದೇ. ಮುಂದಿನ ಸಲ ಬೆಳಗಿನ ಜಾವ ನಾಲ್ಕಕ್ಕೆ ಹೊರಡಿಸಿ, ಬಿಸಿಲೇರುವ ಮೊದಲು ಮೈಸೂರು ಮುಟ್ಟುತ್ತದೆ. ಪೆಟ್ಟಿಗೆಯ ಪಕ್ಕಗಳಲ್ಲಿ ಗಾಳಿ ತೂತು ಇರಲಿ. ಮೇಲೆ ಮಾತ್ರ ಇದ್ದರೆ ಒಂದರ ಮೇಲೊಂದು ಪೇರಿಸಿದಾಗ ಮುಚ್ಚಿಹೋಗುತ್ತದೆ. ನೀರಿನ ಬಾಟಲಿ ಇಟ್ಟರೆ ಗಾಡಿ ಕುಲುಕಿ ಸೋರುತ್ತದೆ, ಸೌತೆಕಾಯಿ ಹೋಳು ಹಾಕಿ. ಕೆಳಗೆ ಭತ್ತದ ಹೊಟ್ಟು ಹಾಸುವುದಾದರೆ ಜರಡಿ ಹಿಡಿದು ಹಾಸಿ, ಧೂಳು ಮೂಗಿಗೆ ಹೋಗುತ್ತದೆ.

ಪಶುವೈದ್ಯೆ:
ಅಟೆಂಡರ್ ಹೇಳಿದ್ದು ಸರಿ. ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿ) ಮಾರ್ಗಸೂಚಿಯಲ್ಲಿ ಇಲಿಗಳ ಕೋಣೆಯ ಬಿಸಿ 18ರಿಂದ 29 ಡಿಗ್ರಿ ಇರಬೇಕು ಎಂದಿದೆ. ಹೊಸ ಇಲಿಗಳನ್ನು ಒಂದು ವಾರವಾದರೂ ಬೇರೆ ಇಡಬೇಕು. ಪ್ರಯಾಣದ ಒತ್ತಡಕ್ಕೆ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನ್ ಏರಿರುತ್ತದೆ. ಈಗ ಔಷಧಿ ಕೊಟ್ಟರೆ ನೀವು ಅಳೆಯುವುದು ಔಷಧಿಯನ್ನೋ ಮದ್ದೂರಿನ ಬಿಸಿಲನ್ನೋ? ಗೈಡ್‌ಗೆ ಇದನ್ನೇ ಹೇಳಿ, ಬೇಗ ಅರ್ಥವಾಗುತ್ತದೆ. ಸತ್ತ ಎರಡನ್ನೂ ರಿಜಿಸ್ಟರ್‌ನಲ್ಲಿ ಬರೆಯಿರಿ, ಕಾಲೇಜಿನ ಎಥಿಕ್ಸ್ ಕಮಿಟಿಗೆ ತಿಳಿಸಿ. ಅವರಿಗೆ ಹೇಳದೆ ಸುಮ್ನೆ ಇನ್ನೆರಡು ತರಿಸಿಕೊಂಡು ಲೆಕ್ಕ ಸರಿ ಮಾಡಬೇಡಿ.

ಎಂ.ಫಾರ್ಮ ಹುಡುಗಿ:
ಬೈಸಿಕೊಂಡೆ, ಆದರೆ ಒಂದು ವಾರ ಸಿಕ್ಕಿತು. ರಿಜಿಸ್ಟರ್‌ನಲ್ಲಿ 'ಬಂದದ್ದು 24, ಜೀವಂತ 22' ಎಂದು ಬರೆದು ಸಹಿ ಹಾಕಿಸಿದೆ. ಇವತ್ತು ಮೇವು ಜಾಸ್ತಿ ಖಾಲಿಯಾಗಿತ್ತು. ಒಂದಂತೂ ಸೌತೆಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಾ ತಿನ್ನುತ್ತಿತ್ತು. ಅಣ್ಣಾ, ಹೊಟ್ಟು ನಿಮ್ಮ ಕಡೆ ಮಿಲ್‌ನಲ್ಲೇ ಸಿಗುತ್ತದಾ? ಮೂಟೆಗೆ ಎಷ್ಟು?